ಕಾಣದ ಕಾವಿನ ಲೆಕ್ಕ

ಈ ಅಂಕಣವನ್ನು ಓದುವ ಮಹನೀಯರಲ್ಲಿ ಹಲವರು ಬೇರೆ ಬೇರೆ ಮಾತುಗಳಲ್ಲಿ ಒಂದೇ ಪ್ರಶ್ನೆಯನ್ನು ಕೇಳಿ ಬರೆಯುತ್ತಿರುತ್ತಾರೆ: ಭೂಗರ್ಭದಿಂದ ಇಷ್ಟು ಶಾಖ ಹೊರಬೀಳುತ್ತಿದೆ, ಅದರಲ್ಲಿ ಇಷ್ಟು ಪಾಲು ವಿಕಿರಣಶೀಲ ಧಾತುಗಳಿಂದ ಹುಟ್ಟಿದ್ದು, ಉಳಿದದ್ದು ಭೂಮಿ ಹುಟ್ಟಿದಂದಿನ ಹಳೆಯ ಕಾವು ಎಂದು ವಿಜ್ಞಾನಿಗಳು ಬಾಯಿಪಾಠದಂತೆ ಹೇಳುತ್ತಾರಲ್ಲ, ಅಲ್ಲಿಗೆ ಇಳಿದು ನೋಡಿಬಂದವರು ಯಾರು? ಪ್ರಶ್ನೆ ನ್ಯಾಯವಾದದ್ದೇ. ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ ವರ್ಷಾನುಗಟ್ಟಲೆ ಕೊರೆದ ಆ ಪ್ರಸಿದ್ಧ ಬಾವಿಯೂ 12 ಕಿಲೋಮೀಟರನ್ನು ಕೊಂಚ ದಾಟಿ ನಿಂತುಹೋಯಿತು. ಭೂಕೇಂದ್ರವಾದರೋ 6,370 ಕಿಲೋಮೀಟರು ಕೆಳಗಿದೆ. ನೋಡಿಬಂದವರು ಯಾರೂ ಇಲ್ಲ, ಇರುವುದೆಲ್ಲ ಅನುಮಾನ. ಆದರೆ ಅನುಮಾನವೂ ಒಂದು ಪ್ರಮಾಣವೇ ಆದ್ದರಿಂದ, ಅದು ಎಷ್ಟರಮಟ್ಟಿಗೆ ಪ್ರಮಾಣ, ಎಲ್ಲಿಂದ ಮುಂದೆ ಬರಿಯ ಊಹೆ ಎಂಬುದನ್ನು ವಿವೇಚಿಸುವುದು ಉಚಿತವೆಂದು ತೋರುತ್ತದೆ.

ನಮ್ಮ ನೈಯಾಯಿಕರು ಅನುಮಾನವನ್ನು ವಿಭಾಗಿಸುವಾಗ, ಕಾರಣವನ್ನು ಕಂಡು ಕಾರ್ಯವನ್ನು ತಿಳಿಯುವುದು ಪೂರ್ವವತ್, ಕಾರ್ಯವನ್ನು ಕಂಡು ಕಾರಣವನ್ನು ತಿಳಿಯುವುದು ಶೇಷವತ್ ಎಂದು ಹೇಳಿದರು. ಮೋಡ ಕವಿದದ್ದನ್ನು ನೋಡಿ ಮಳೆ ಬಂದೀತೆನ್ನುವುದು ಮೊದಲನೆಯದು; ಹೊಳೆ ಉಕ್ಕಿ ಹರಿಯುವುದನ್ನು ನೋಡಿ ಮೇಲುಸೀಮೆಯಲ್ಲಿ ಮಳೆಯಾಗಿದೆಯೆನ್ನುವುದು ಎರಡನೆಯದು. ಕೂಡಲೆ ಪೂರ್ವಪಕ್ಷಿಯು ಎದ್ದು, ಹೊಳೆ ತುಂಬುವುದು ಎಲ್ಲಿಯೋ ಅಡ್ಡಗಟ್ಟಿದ್ದರಿಂದಲೂ ಆದೀತಲ್ಲ, ಆಗ ನಿಮ್ಮ ಅನುಮಾನದ ಗತಿಯೇನು ಎಂದು ಆಕ್ಷೇಪಿಸುತ್ತಾನೆ. ಅದಕ್ಕೆ ಭಾಷ್ಯಕಾರರು ಕೊಡುವ ಉತ್ತರ ಸೊಗಸಾಗಿದೆ: ನೀರು ಏರಿತೆಂಬ ಒಂದನ್ನೇ ನೋಡಿ ತೀರ್ಮಾನಿಸುವವನು ಮೋಸಹೋಗುತ್ತಾನೆ, ನಿಜ, ಸೆಳೆತ ಹೆಚ್ಚಿದೆಯೇ, ನೊರೆ ಬರುತ್ತಿದೆಯೇ, ಎಲೆ ಕಾಯಿ ಕಟ್ಟಿಗೆಗಳು ತೇಲಿಬರುತ್ತಿವೆಯೇ ಎಂದು ನೋಡುವವನು ಮೋಸಹೋಗುವುದಿಲ್ಲ.

ಉಷ್ಣವಹನದ ಶಾಸ್ತ್ರದಲ್ಲಿ ಪೂರ್ವವತ್ತಾದ ಭಾಗವನ್ನು ಫ್ರಾನ್ಸಿನ ಜೋಸೆಫ್ ಫೂರಿಯೇ 1822ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ ನೆಲೆಗೊಳಿಸಿದರು. ವಸ್ತು ಯಾವುದು, ಅದರ ಉಷ್ಣವಾಹಕತೆ ಎಷ್ಟು, ಉಷ್ಣದ ಮೂಲ ಎಲ್ಲಿದೆ, ಅದರ ಬಲವೆಷ್ಟು ಎಂದು ತಿಳಿಸಿದರೆ ಯಾವ ಬಿಂದುವಿನಲ್ಲಿ ಯಾವ ಗಳಿಗೆಯಲ್ಲಿ ಎಷ್ಟು ಬಿಸಿಯಿರುತ್ತದೆಂದು ಅವರ ಸಮೀಕರಣ ಹೇಳುತ್ತದೆ. ಲೆಕ್ಕ ಕಷ್ಟವಿರಬಹುದು, ಆದರೆ ಉತ್ತರ ಒಂದೇ. ಈಗ ಪ್ರಶ್ನೆಯನ್ನು ತಿರುವಿಹಾಕಿ: ಅಂಚಿನಲ್ಲಿ ಒಂದೆರಡು ಕಡೆ ಬಿಸಿಯನ್ನು ಅಳೆದಿದ್ದೇವೆ, ಒಳಗಿರುವ ಮೂಲ ಎಲ್ಲಿದೆ, ಎಷ್ಟು ಬಲದ್ದು? ಇದನ್ನು ವಿಲೋಮ ಸಮಸ್ಯೆಯೆನ್ನುತ್ತಾರೆ. ನೋಡುವುದಕ್ಕೆ ಹೋದ ದಾರಿಯಲ್ಲಿಯೇ ಹಿಂದಿರುಗಿದಂತೆ ಕಾಣುತ್ತದೆ. ನಡೆದು ನೋಡಿದರೆ ದಾರಿಯೇ ಬೇರೆ.

ನಾನು ಭೌತವಿಜ್ಞಾನದ ಪಾಠ ಹೇಳುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿಗಳಿಗೆ ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಮಾಡಿಸುವುದು ಮೇಲೆಂದು ಒಂದು ಪ್ರಯೋಗವನ್ನು ಹೂಡುತ್ತಿದ್ದೆ. ಒಂದು ಮೀಟರು ಉದ್ದದ ಹಿತ್ತಾಳೆಯ ಸರಳು. ಅದರ ಎರಡು ತುದಿಗಳೂ ಕರಗುತ್ತಿರುವ ಮಂಜುಗಡ್ಡೆಯ ಪಾತ್ರೆಗಳಲ್ಲಿ. ನಡುವೆ ಎಲ್ಲಿಯೋ ವಿದ್ಯುತ್ತಿನ ತಂತಿಯ ಸುರುಳಿ. ಮೇಲೆ ದಪ್ಪನೆಯ ಉಣ್ಣೆಯ ಹೊದಿಕೆ. ಸುರುಳಿಯನ್ನು ಸುತ್ತಿ ಹೊದಿಕೆ ಮುಚ್ಚುವ ಕೆಲಸವನ್ನು ನಮ್ಮ ಅಟೆಂಡರು ಮುಂಚೆಯೇ ಮುಗಿಸಿರುತ್ತಿದ್ದರು. ಕಾವು ನೆಲೆನಿಂತ ಮೇಲೆ ಎರಡು ಪಾತ್ರೆಗಳಿಂದಲೂ ತೊಟ್ಟಿಕ್ಕುವ ನೀರನ್ನು ಗಾಜಿನ ಅಳತೆಪಾತ್ರೆಗಳಲ್ಲಿ ಹಿಡಿದರೆ, ಒಂದು ಗ್ರಾಮು ಮಂಜು ಕರಗುವುದಕ್ಕೆ 80 ಕ್ಯಾಲೊರಿ ಬೇಕೆಂಬ ಲೆಕ್ಕದಲ್ಲಿ ಯಾವ ತುದಿಗೆ ಎಷ್ಟು ಶಾಖ ಹರಿಯಿತೆಂದು ತಿಳಿಯುತ್ತದೆ. ಎಡಗಡೆ 30 ಗ್ರಾಮು, ಬಲಗಡೆ 10 ಗ್ರಾಮು ಬಂದಿತೆನ್ನೋಣ. ಮೂಲ ಹತ್ತಿರವಿದ್ದ ಕಡೆಗೆ ಶಾಖ ಹೆಚ್ಚು ಹರಿಯುತ್ತದಾದ್ದರಿಂದ ಸುರುಳಿಯು ಎಡತುದಿಯಿಂದ 25 ಸೆಂಟಿಮೀಟರಿನಲ್ಲಿದೆಯೆಂದು ಚುರುಕಾದ ಹುಡುಗರು ಗುಣಾಕಾರವನ್ನೂ ಮುಗಿಸದೆ ಹೇಳಿಬಿಡುತ್ತಿದ್ದರು. ಹೊದಿಕೆಯನ್ನು ಬಿಚ್ಚಿದರೆ ಅಲ್ಲಿ ಬರಿಯ ಹಿತ್ತಾಳೆ! ಸುರುಳಿಗಳು ಎರಡು, ಒಂದು 10ರಲ್ಲಿ, ಇನ್ನೊಂದು 40ರಲ್ಲಿ. ಇದು ಅನ್ಯಾಯವೆಂದು ಅವರು ಗದ್ದಲ ಮಾಡುತ್ತಿದ್ದುದುಂಟು.

ಅನ್ಯಾಯವೇನೂ ಇಲ್ಲ. ಕಾವು ನೆಲೆನಿಂತ ಸರಳಿನ ಎರಡು ತುದಿಗಳು ನಮಗೆ ಕೊಡಬಲ್ಲ ಸಮಾಚಾರ ಎರಡೇ: ಒಳಗಿರುವ ಉಷ್ಣಮೂಲಗಳ ಒಟ್ಟು ಬಲ, ಮತ್ತು ಅವುಗಳ ಗುರುತ್ವಕೇಂದ್ರ. ಆ ಎರಡನ್ನೂ ಉಳಿಸಿಕೊಂಡು ಮೂಲವನ್ನು ಒಂದೆಡೆ ರಾಶಿ ಹಾಕಿದರೂ, ಎರಡಾಗಿ ಒಡೆದರೂ, ಅರ್ಧ ಸರಳಿನುದ್ದಕ್ಕೂ ಸಮವಾಗಿ ಬಳಿದರೂ ಪಾತ್ರೆಯಲ್ಲಿ ಬೀಳುವ ನೀರು ಒಂದು ತೊಟ್ಟೂ ವ್ಯತ್ಯಾಸವಾಗುವುದಿಲ್ಲ. ಅಳತೆಯನ್ನು ಎಷ್ಟೇ ಸೂಕ್ಷ್ಮವಾಗಿ ಮಾಡಿದರೂ ಈ ಸಂದಿಗ್ಧ ನೀಗುವಂಥದಲ್ಲ, ಏಕೆಂದರೆ ದೋಷವಿರುವುದು ಅಳತೆಯಲ್ಲಿ ಅಲ್ಲ. ಸರಳಿನ ಮಧ್ಯದಲ್ಲಿ ತೂತು ಕೊರೆದು ಉಷ್ಣಮಾಪಕಗಳನ್ನು ಇಳಿಸಬಹುದಾದರೆ ಕಥೆ ಬೇರೆ. ಆದರೆ ಭೂಮಿಯ ವಿಷಯದಲ್ಲಿಯೂ, ವಾಯುಮಂಡಲಕ್ಕೆ ಮರಳುವ ವ್ಯೋಮನೌಕೆಯ ಕವಚದ ವಿಷಯದಲ್ಲಿಯೂ, ನಮಗೆ ಬೇಕಾದ ಜಾಗಕ್ಕೆ ಉಷ್ಣಮಾಪಕವನ್ನು ಇಡುವ ಸ್ವಾತಂತ್ರ್ಯ ಇರುವುದಿಲ್ಲ. ನೌಕೆಯ ಕವಚದ ಹೊರಮೈಯಲ್ಲಿಟ್ಟ ಉಪಕರಣ ಸುಟ್ಟುಹೋಗುತ್ತದೆ. ಆದ್ದರಿಂದ ಒಳಗೆ ಹೂತಿಟ್ಟ ಉಪಕರಣದ ಓದಿನಿಂದ ಹೊರಗಿನ ದಳ್ಳುರಿಯನ್ನು ಗಣಿಸಬೇಕು. ಅಮೆರಿಕದಲ್ಲಿ ಜೇಮ್ಸ್ ಬೆಕ್, ರಷ್ಯಾದಲ್ಲಿ ಒಲೆಗ್ ಅಲಿಫಾನೊವ್ ಮೊದಲಾದವರು ಈ ಗಣನೆಯನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದರು.

ಸಂದಿಗ್ಧತೆಯ ಜೊತೆಗೆ ಇನ್ನೊಂದು ಕಂಟಕವಿದೆ. ನನ್ನ ಮತದಲ್ಲಿ ಅದು ಇದಕ್ಕಿಂತಲೂ ದುಷ್ಟವಾದದ್ದು. ಶಾಖವು ತಾನು ಬಂದ ದಾರಿಯ ವಿವರಗಳನ್ನು ಮರೆಯುತ್ತ ನಡೆಯುತ್ತದೆ. ಸಾಧಾರಣ ಬಂಡೆಯ ನೆಲದ ಮೇಲೆ ಹಗಲು ರಾತ್ರಿಗಳ ತಾಪವು ಸರಾಸರಿಯಿಂದ ಹತ್ತು ಡಿಗ್ರಿ ಮೇಲಕ್ಕೂ ಹತ್ತು ಡಿಗ್ರಿ ಕೆಳಕ್ಕೂ ತೂಗುತ್ತಿದ್ದರೆ, ಒಂದು ಮೀಟರು ಕೆಳಗೆ ಆ ತೂಗಾಟವು ಒಂದು ಡಿಗ್ರಿಯ ನಲವತ್ತನೆಯ ಒಂದು ಪಾಲಿಗೆ ಇಳಿದು, ಅದೂ ಹೆಚ್ಚುಕಡಮೆ ಒಂದು ದಿನ ತಡವಾಗಿ ಬಂದು ಮುಟ್ಟುತ್ತದೆ. ಮೇಲಿನಿಂದ ಕೆಳಕ್ಕೆ ಲೆಕ್ಕಹಾಕುವವನಿಗೆ ಇದರಿಂದ ಅನುಕೂಲವೇ. ಮೇಲಿನ ತಪ್ಪುಗಳೂ ಅದೇ ರೀತಿ ಸವೆದುಹೋಗುತ್ತವೆ. ಕೆಳಗಿನ ಓದಿನಿಂದ ಮೇಲಿನದನ್ನು ಊಹಿಸಹೊರಟವನ ಪಾಡು ಬೇರೆ. ಅವನ ಉಷ್ಣಮಾಪಕದಲ್ಲಿ ದಿನಕ್ಕೊಮ್ಮೆ ಏರಿಳಿಯುವ ಹತ್ತನೆಯ ಒಂದು ಡಿಗ್ರಿಯಷ್ಟು ತಪ್ಪು ನುಸುಳಿದರೆ ಸಾಕು, ನೆಲದ ಮೇಲೆ ಅದು 40 ಡಿಗ್ರಿಯಾಗಿ ಎದ್ದು ಕುಣಿಯುತ್ತದೆ. ಅಂಥ ಲೆಕ್ಕಗಳಲ್ಲಿ ಉರಿಯುತ್ತಿರುವ ಕುಲುಮೆಯು ಒಂದು ನಿಮಿಷ ಶಾಖ ಕಾರಿ ಮರುನಿಮಿಷ ಶಾಖವನ್ನು ಹೀರಿತೆಂದು ಉತ್ತರ ಬರುವುದನ್ನು ನಾನು ಎಷ್ಟೋ ವೇಳೆ ಕಂಡಿದ್ದೇನೆ. ಅಷ್ಟಾದರೂ ಅಂಕಗಣಿತದಲ್ಲಿ ಒಂದು ತಪ್ಪೂ ಇರುವುದಿಲ್ಲ.

1902ರಲ್ಲಿ ಜಾಕ್ ಅದಮಾರ್ ಎಂಬ ಫ್ರೆಂಚ್ ಗಣಿತಜ್ಞರು ಒಳ್ಳೆಯ ಸಮಸ್ಯೆಯ ಲಕ್ಷಣಗಳನ್ನು ಹೇಳುವಾಗ, ಉತ್ತರ ಇರಬೇಕು, ಒಂದೇ ಇರಬೇಕು ಎಂಬುದರ ಬಗ್ಗೆ ವಿಚಾರ ಮಾಡಿದರು; ದತ್ತಾಂಶ ಸ್ವಲ್ಪ ಬದಲಾದರೆ ಉತ್ತರವೂ ಸ್ವಲ್ಪವೇ ಬದಲಾಗಬೇಕೆಂಬ ಮೂರನೆಯ ಲಕ್ಷಣವೂ ಅವರ ವಿಚಾರಸರಣಿಯಲ್ಲಿ ಸೇರಿಕೊಂಡಿತು. ಈ ಲಕ್ಷಣಗಳಿಲ್ಲದ ಸಮಸ್ಯೆಗೆ ಪ್ರಕೃತಿಯಲ್ಲಿ ಅರ್ಥವಿರಲಾರದೆಂದು ಬಹುಕಾಲ ವಿದ್ವಾಂಸರು ನಂಬಿದ್ದರು. ಪ್ರಕೃತಿಗೆ ಈ ನಿಯಮವನ್ನು ಯಾರೂ ತಿಳಿಸಿರಲಿಲ್ಲವಾದ್ದರಿಂದ ಅದು ಇಂಥ ಸಮಸ್ಯೆಗಳನ್ನೇ ಹೇರಳವಾಗಿ ಒಡ್ಡುತ್ತ ಹೋಯಿತು. ರಷ್ಯಾದ ಆಂದ್ರೆ ತಿಖೊನೊವ್ 1943ರಲ್ಲಿ ಮೊದಲ ಹೆಜ್ಜೆಯಿಟ್ಟು, 1963ರಲ್ಲಿ ಪೂರ್ಣರೂಪದಲ್ಲಿ ತೋರಿಸಿದ ಉಪಾಯವು ಸರಳವಾದದ್ದು: ಉತ್ತರವು ಅಳತೆಗಳಿಗೆ ಹೊಂದಬೇಕೆಂದು ಮಾತ್ರ ಕೇಳಬೇಡಿ, ಅನಾವಶ್ಯಕವಾಗಿ ಹೊಯ್ದಾಡಬಾರದೆಂದೂ ಕೇಳಿ, ಹೊಂದಿಕೆಯ ಕೊರತೆಗೆ ಒಂದು ದಂಡ, ಹೊಯ್ದಾಟಕ್ಕೆ ಇನ್ನೊಂದು ದಂಡ ವಿಧಿಸಿ, ಎರಡೂ ಸೇರಿ ಅತ್ಯಂತ ಕಡಿಮೆಯಾಗುವ ಉತ್ತರವನ್ನು ಆರಿಸಿ. ಅಳತೆಯಲ್ಲಿ ಎಷ್ಟು ದೋಷವುಂಟೋ ಅದಕ್ಕಿಂತ ಹೆಚ್ಚು ನಿಖರವಾಗಿ ಹೊಂದಿಸುವ ಚಪಲವನ್ನು ಬಿಡಬೇಕೆಂಬುದು ಇದರ ಒಳಗುಟ್ಟು. ಉಪಾಯ ಫಲಕಾರಿಯಾಯಿತು, ಇಂದು ಎಲ್ಲೆಲ್ಲಿಯೂ ಬಳಕೆಯಲ್ಲಿದೆ. ನನ್ನ ತಕರಾರು ಉಪಾಯದ ಮೇಲಲ್ಲ, ಅದನ್ನು ಬಳಸಿ ನುಣುಪಾದ ರೇಖೆಯೊಂದನ್ನು ಎಳೆದು ಇದೇ ಉಷ್ಣಮೂಲದ ಆಕಾರವೆಂದು ಘೋಷಿಸುವವರ ಮೇಲೆ: ಆ ನುಣುಪಿನಲ್ಲಿ ಅಳತೆಯಿಂದ ಬಂದದ್ದೆಷ್ಟು, ತಾವು ಮೊದಲೇ ಬೇಕೆಂದು ಬರಮಾಡಿಕೊಂಡದ್ದೆಷ್ಟು ಎಂಬುದನ್ನು ಅವರು ಬರೆಯುವುದಿಲ್ಲ.

ಈ ಬರೆಯದೆ ಬಿಟ್ಟ ಪಾಲಿನಿಂದ ಎಂಥ ಮಹಾನುಭಾವರಿಗೂ ಎಂಥ ಪ್ರಮಾದ ಸಂಭವಿಸಬಹುದೆಂಬುದಕ್ಕೆ ಲಾರ್ಡ್ ಕೆಲ್ವಿನ್ನರಿಗಿಂತ ದೊಡ್ಡ ನಿದರ್ಶನವಿಲ್ಲ. ಎಡಿನ್‌ಬರೋ ನಗರದ ಕಾಲ್ಟನ್ ಗುಡ್ಡದಲ್ಲಿ ಜೇಮ್ಸ್ ಫೋರ್ಬ್ಸ್ ಎಂಬ ಪ್ರಾಧ್ಯಾಪಕರು 1837ರಲ್ಲಿ ಉದ್ದ ಕಾಂಡದ ಉಷ್ಣಮಾಪಕಗಳನ್ನು ಬಂಡೆಯೊಳಕ್ಕೆ ಇಳಿಸಿದ್ದರು. ಅತ್ಯಂತ ಆಳದ್ದು 24 ಫ್ರೆಂಚ್ ಅಡಿ, ಎಂದರೆ ಎಂಟು ಮೀಟರಿಗೆ ಸ್ವಲ್ಪ ಕಡಿಮೆ. ಬೇಸಗೆಯ ಕಾವು ಅಲ್ಲಿಗೆ ಇಳಿಯುವ ಹೊತ್ತಿಗೆ ಮೇಲೆ ಚಳಿಗಾಲ. ಈ ವಿಳಂಬದಿಂದಲೂ ಕ್ಷೀಣತೆಯಿಂದಲೂ ಬಂಡೆಯ ಉಷ್ಣವಾಹಕ ಗುಣವನ್ನು ಕೆಲ್ವಿನ್ನರು ಗಣಿಸಿ ತೆಗೆದರು. ಅದೂ ಒಂದು ವಿಲೋಮ ಸಮಸ್ಯೆಯೇ, ಅದನ್ನು ಅವರು ಬಿಡಿಸಿದ ರೀತಿ ಇಂದಿಗೂ ಮೆಚ್ಚತಕ್ಕದ್ದು. 1862ರಲ್ಲಿ ಅದೇ ಬಗೆಯ ಅಂಕಿಗಳನ್ನು ಕೈಯಲ್ಲಿ ಹಿಡಿದು ಅವರು ಮಹತ್ತರವಾದ ಪ್ರಶ್ನೆಗೆ ಕೈಹಾಕಿದರು. ಭೂಮಿಯು ಆದಿಯಲ್ಲಿ ಸುಮಾರು 3,900 ಡಿಗ್ರಿಯ ಕುದಿಬಂಡೆಯಾಗಿತ್ತು. ಅಂದಿನಿಂದ ಬರಿಯ ವಹನದಿಂದ ಆರುತ್ತ ಬಂದಿದೆ. ಗಣಿಗಳಲ್ಲಿ ಕೆಳಕ್ಕೆ ಇಳಿದಂತೆ ಕಿಲೋಮೀಟರಿಗೆ ಸುಮಾರು 36 ಡಿಗ್ರಿಯಂತೆ ಬಿಸಿ ಏರುತ್ತದೆ. ಹಾಗಾದರೆ ಆರತೊಡಗಿ ಎಷ್ಟು ಕಾಲವಾಯಿತು? ಉತ್ತರ 9 ಕೋಟಿ 80 ಲಕ್ಷ ವರ್ಷ. ಅನಿಶ್ಚಯಕ್ಕೆ ಅವಕಾಶವಿಟ್ಟು 2 ಕೋಟಿಯಿಂದ 40 ಕೋಟಿಯವರೆಗೆ ಎಂದರು. ವಯಸ್ಸಾಗುತ್ತ ಅವರ ಮನಸ್ಸು ಕೆಳಗಿನ ಅಂಚಿಗೇ ವಾಲಿತು. ಭೂವಿಜ್ಞಾನಿಗಳೂ ಡಾರ್ವಿನ್ನರೂ ಇಷ್ಟು ಅಲ್ಪ ಕಾಲದಲ್ಲಿ ಪರ್ವತಗಳು ಸವೆಯುವುದೂ ಜೀವಿಗಳು ಮಾರ್ಪಡುವುದೂ ಹೇಗೆಂದು ಕಳವಳಪಟ್ಟರು.

ನಾನು ಇಲ್ಲಿ ಒಂದು ಕುಚೇಷ್ಟೆಯ ಲೆಕ್ಕವನ್ನು ಮಾಡಲು ಅಪ್ಪಣೆ ಬೇಡುತ್ತೇನೆ. ಕೆಲ್ವಿನ್ನರ ಸೂತ್ರದಲ್ಲಿ ಕಾಲವು ತಾಪದ ಏರಿಕೆಯ ವರ್ಗಕ್ಕೆ ವಿಲೋಮವಾಗಿದೆ: ಏರಿಕೆ ಅರ್ಧವಾದರೆ ವಯಸ್ಸು ನಾಲ್ಕು ಪಟ್ಟಾಗುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಚಾಂಪಿಯನ್ ರೀಫ್ ಶಾಫ್ಟಿನ ಕೆಲಸ 3 ಕಿಲೋಮೀಟರಿಗೂ ಕೆಳಗೆ ನಡೆದಿತ್ತು. ಆ ಆಳದ ಬಂಡೆ ಸುಮಾರು 65 ಡಿಗ್ರಿ ಬಿಸಿಯಿದ್ದುದರಿಂದ ಮೇಲಿನಿಂದ ತಣ್ಣನೆಯ ಗಾಳಿಯನ್ನು ಕಳುಹಿಸದೆ ಆಳುಗಳು ದುಡಿಯುವಂತಿರಲಿಲ್ಲ. ನಾನು ಇಳಿದು ನೋಡಿದ್ದು ಅಷ್ಟು ಆಳಕ್ಕಲ್ಲ. ಆದರೂ ಆಗತಾನೆ ಒಡೆದ ಕಪ್ಪು ಕಲ್ಲಿನ ಮೇಲೆ ಅಂಗೈಯಿಟ್ಟಾಗ, ಬಿಸಿಲು ಎಂದೂ ಕಾಣದ ಕಲ್ಲಿಗೆ ಈ ಕಾವು ಎಲ್ಲಿಂದ ಬಂದಿತೆಂದು ಕ್ಷಣಕಾಲ ಕೈ ತೆಗೆಯದೆ ನಿಂತಿದ್ದೆನು. ದುಡಿಯುವವರಿಗೆ 65 ಡಿಗ್ರಿ ನರಕಸದೃಶವೇ ಸರಿ. ಲೆಕ್ಕದ ದೃಷ್ಟಿಯಿಂದಲಾದರೋ ಅಷ್ಟು ಆಳಕ್ಕೆ ಅದು ಅಲ್ಪ: ನೆಲದ ಮೇಲಿನ ತಾಪವನ್ನು ಕಳೆದರೆ ಏರಿಕೆ ಕಿಲೋಮೀಟರಿಗೆ ಹದಿಮೂರರ ಆಸುಪಾಸು. ಕೆಲ್ವಿನ್ನರು ಬ್ರಿಟನ್ನಿನ ಗಣಿಗಳನ್ನು ಬಿಟ್ಟು ಕೋಲಾರದ ಉಷ್ಣಮಾಪಕವನ್ನು ನಂಬಿದ್ದರೆ ಅವರ ಭೂಮಿಗೆ 77 ಕೋಟಿ ವರ್ಷ ವಯಸ್ಸಾಗುತ್ತಿತ್ತು. ತಮಾಷೆಯೆಂದರೆ, ಆ ಉಷ್ಣಮಾಪಕವನ್ನು ಚುಚ್ಚಿದ ಕೋಲಾರದ ಕಲ್ಲಿಗೇ ಸುಮಾರು 270 ಕೋಟಿ ವರ್ಷ. ಭೂಮಿಗೆ 454 ಕೋಟಿ.

ತಪ್ಪು ಎಲ್ಲಿತ್ತು? ಶಾಲೆಯ ಪುಸ್ತಕಗಳು ಹೇಳುವ ಕಥೆ ಇದು: 1896ರಲ್ಲಿ ಬೆಕೆರೆಲ್ ವಿಕಿರಣಶೀಲತೆಯನ್ನು ಕಂಡುಹಿಡಿದರು, 1903ರಲ್ಲಿ ಪಿಯರ್ ಕ್ಯೂರಿಯವರೂ ಲಬೋರ್ದ್ ಅವರೂ ರೇಡಿಯಮ್ಮು ಒಂದು ಗಂಟೆಯಲ್ಲಿ ತನ್ನ ತೂಕದಷ್ಟು ಮಂಜುಗಡ್ಡೆಯನ್ನು ಕರಗಿಸುವಷ್ಟು ಶಾಖವನ್ನು ನಿರಂತರವಾಗಿ ಕೊಡುತ್ತದೆಂದು ಅಳೆದರು, 1904ರಲ್ಲಿ ಲಂಡನ್ನಿನ ಸಭೆಯಲ್ಲಿ ಮುದುಕರಾದ ಕೆಲ್ವಿನ್ನರ ಎದುರಿಗೇ ರುದರ್‌ಫರ್ಡರು ಭೂಮಿಯೊಳಗೆ ಗಣನೆಗೆ ಬಾರದೆ ಉಳಿದಿದ್ದ ಉಷ್ಣಮೂಲವೊಂದು ಉಂಟೆಂದು ಸಾರಿದರು, ಅಲ್ಲಿಗೆ ಕೆಲ್ವಿನ್ನರ ಲೆಕ್ಕ ಮುಗಿಯಿತು. ಈ ಕಥೆಯ ಘಟನೆಗಳೆಲ್ಲ ನಿಜ, ತಾತ್ಪರ್ಯ ಮಾತ್ರ ಅರೆನಿಜ. ಕೆಲ್ವಿನ್ನರ ಸಹಾಯಕರಾಗಿದ್ದ ಜಾನ್ ಪೆರಿ ಎಂಬವರು ವಿಕಿರಣದ ಸುಳಿವೇ ಇಲ್ಲದಿದ್ದ 1895ರಲ್ಲಿ, ಮೇಲಿನ ಚಿಪ್ಪಿನ ಕೆಳಗೆ ಭೂದ್ರವ್ಯವು ನಿಧಾನವಾಗಿ ಹರಿದಾಡಿ ಶಾಖವನ್ನು ಹೊತ್ತು ತರುತ್ತಿದ್ದರೆ, ಇದ್ದ ಅಂಕಿಗಳಿಂದಲೇ ಭೂಮಿಗೆ ಇನ್ನೂರು ಮುನ್ನೂರು ಕೋಟಿ ವರ್ಷ ವಯಸ್ಸನ್ನು ಹೇಳಬಹುದೆಂದು ತೋರಿಸಿದ್ದರು. ಹತ್ತು ಕೋಟಿ ವರ್ಷದಲ್ಲಿ ವಹನದಿಂದ ಆರುವುದು ಮೇಲಿನ ನೂರು ಕಿಲೋಮೀಟರಿನಷ್ಟು ಮಾತ್ರ. ಅಷ್ಟು ಪದರದೊಳಗಿನ ವಿಕಿರಣದ ಕಾವನ್ನು ಸೇರಿಸಿಕೊಂಡರೂ ವಯಸ್ಸು ನಾಲ್ಕೂವರೆ ನೂರು ಕೋಟಿಗೆ ಏರುವುದಿಲ್ಲ. ಎಂದಮೇಲೆ ಅಜ್ಞಾತವಾಗಿದ್ದದ್ದು ಮೂಲ ಮಾತ್ರವಲ್ಲ, ಮಾಧ್ಯಮವೂ ಸಹ; ಮೇಲ್ಮೈಯ ಒಂದು ಅಂಕಿಯಿಂದ ಎರಡನ್ನೂ ಬಿಡಿಸಿ ತೆಗೆಯುವುದು ನಮ್ಮ ಹಿತ್ತಾಳೆಯ ಸರಳಿನ ಒಂದೇ ತುದಿಯ ನೀರನ್ನು ಹಿಡಿದು ಎಲ್ಲವನ್ನೂ ಹೇಳಹೊರಟಂತೆ. ಪೆರಿಯವರ ಮಾತಿಗೆ ಆಗಲೇ ಕಿವಿಗೊಟ್ಟಿದ್ದರೆ, ಭೂಖಂಡಗಳು ಚಲಿಸುತ್ತವೆಂಬ ವಿಚಾರಕ್ಕೆ ನೆಲ ಅಷ್ಟು ಬೇಗ ಹದವಾಗುತ್ತಿತ್ತೆಂದು ನನಗೆ ಅನಿಸುವುದುಂಟು.

ಆಮೇಲಿನ ತಲೆಮಾರಿನವರು ಹೆಚ್ಚು ಜಾಗರೂಕರಾದರು. ಅಮೆರಿಕದ ಫ್ರಾನ್ಸಿಸ್ ಬರ್ಚರೂ ಅವರ ಸಂಗಡಿಗರೂ 1968ರಲ್ಲಿ, ನೆಲದಿಂದ ಹೊರಬರುವ ಶಾಖವನ್ನು ಒಂದು ಕಡೆ ಅಳೆದು, ಅದೇ ಸ್ಥಳದ ಗ್ರ್ಯಾನೈಟಿನ ಚೂರುಗಳಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳು ಎಷ್ಟು ಶಾಖವನ್ನು ಹುಟ್ಟಿಸುತ್ತವೆಂದು ಇನ್ನೊಂದು ಕಡೆ ಅಳೆದು, ಎರಡನ್ನೂ ಒಂದು ನಕ್ಷೆಯ ಮೇಲೆ ಗುರುತುಹಾಕಿದರು. ಗುರುತುಗಳು ಆಶ್ಚರ್ಯಕರವಾಗಿ ಒಂದು ಸರಳರೇಖೆಯ ಮೇಲೆ ಬಂದು ಕುಳಿತವು. ಆ ರೇಖೆಯನ್ನು ಹಿಂದಕ್ಕೆ ಎಳೆದು ವಿಕಿರಣವು ಶೂನ್ಯವಾಗುವ ಕಡೆ ನಿಲ್ಲಿಸಿದರೆ ಉಳಿಯುವುದು ಆಳದಿಂದ ಬರುವ ಶಾಖ. ರೇಖೆಯ ಇಳಿಜಾರು ಹೇಳುವುದು ಮೂಲವಸ್ತುಗಳು ತುಂಬಿರುವ ಪದರದ ದಪ್ಪ, ಏಳೆಂಟು ಕಿಲೋಮೀಟರು. ಕಣ್ಣು ಕುಕ್ಕುವಷ್ಟು ಚೆಲುವಾದ ವಾದ. ಆದರೆ ಆ ಪದರದಲ್ಲಿ ಮೂಲಗಳು ಸಮವಾಗಿ ಹರಡಿದ್ದರೂ, ಮೇಲೆ ದಟ್ಟವಾಗಿದ್ದು ಕೆಳಗೆ ಹೋದಂತೆ ವಿರಳವಾಗುತ್ತಿದ್ದರೂ ರೇಖೆ ಅದೇ ರೇಖೆ! ಧಾರವಾಡ ಶಿಲೆಗಳ ಪ್ರದೇಶದಲ್ಲಿ, ಹೈದರಾಬಾದಿನ ಭೂಭೌತ ಸಂಶೋಧನಾಲಯದವರು ಅಳೆದಂತೆ, ಹೊರಬರುವ ಶಾಖವು ಭೂಖಂಡಗಳ ಸರಾಸರಿಗಿಂತ ಬಹಳ ಕಡಿಮೆ. ಕೋಲಾರದ ಕಪ್ಪು ಶಿಲೆಗಳಲ್ಲಿ ಯುರೇನಿಯಂ ಥೋರಿಯಂಗಳು ಬಡವಾಗಿರುವುದು ಅದಕ್ಕೆ ಒಂದು ಕಾರಣ, ಕೆಳಗಿನ ಹಳೆಯ ದಪ್ಪ ಚಿಪ್ಪು ತಣ್ಣಗಿರುವುದು ಇನ್ನೊಂದು. ಎರಡರಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂಬುದು ಬಿಸಿಯನ್ನೇ ಅಳೆಯುತ್ತ ಕುಳಿತರೆ ತೀರುವ ವ್ಯಾಜ್ಯವಲ್ಲ.

ತೇಲಿಬರುವ ಎಲೆಕಾಯಿಗಳನ್ನು ನೋಡಬೇಕೆಂದ ಭಾಷ್ಯಕಾರರ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಯುರೇನಿಯಂ ಥೋರಿಯಂಗಳು ಒಡೆಯುವಾಗ ಶಾಖದೊಡನೆ ಪ್ರತಿನ್ಯೂಟ್ರಿನೊಗಳೆಂಬ ಕಣಗಳನ್ನೂ ಹೊರಸೂಸುತ್ತವೆ. ಶಾಖವು ಮೇಲೆ ಬರಲು ಕೋಟ್ಯಂತರ ವರ್ಷ ಹಿಡಿದರೆ, ಈ ಕಣಗಳು ಯಾವ ಬಂಡೆಯನ್ನೂ ಲಕ್ಷಿಸದೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಹೊರಬಂದು ಮಾಯವಾಗುತ್ತವೆ. ದಾರಿಯಲ್ಲಿ ಮರೆವು ಇಲ್ಲ, ಸವೆತವಿಲ್ಲ, ಹಿಡಿಯುವುದೊಂದೇ ಕಷ್ಟ. ವಿಶ್ವಕಿರಣಗಳು ವಾಯುಮಂಡಲದಲ್ಲಿ ಹುಟ್ಟಿಸುವ ನ್ಯೂಟ್ರಿನೊಗಳನ್ನು ಮೊಟ್ಟಮೊದಲು ಗುರುತಿಸಿದ ಸ್ಥಳಗಳಲ್ಲಿ ಇದೇ ಕೋಲಾರದ ಗಣಿಯೂ ಒಂದೆಂಬುದನ್ನು ನಮ್ಮವರು ಮರೆಯುವಂತಿಲ್ಲ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಅಲ್ಲಿ ಆ ಕೆಲಸವನ್ನು ಸಾಧಿಸಿದರು. ಭೂಮಿಯ ಒಡಲಿನಿಂದಲೇ ಬರುವ ಕಣಗಳ ಸುಳಿವು ಸಿಕ್ಕಿದ್ದು 2005ರಲ್ಲಿ, ಜಪಾನಿನ ಕಮಿಯೊಕದ ಗಣಿಯೊಳಗೆ ಸಾವಿರ ಟನ್ನು ಎಣ್ಣೆಯಂಥ ದ್ರವವನ್ನು ತುಂಬಿದ ಕ್ಯಾಮ್‌ಲ್ಯಾಂಡ್ ಉಪಕರಣದಲ್ಲಿ. ಅನಂತರ ಇಟಲಿಯ ಗ್ರಾನ್ ಸಾಸೊ ಪರ್ವತದಡಿಯ ಬೊರೆಕ್ಸಿನೊದಲ್ಲಿ. ಭೂಮಿಯಿಂದ ಹೊರಬೀಳುವ ಒಟ್ಟು ಶಾಖ ಸುಮಾರು 47 ಲಕ್ಷ ಕೋಟಿ ವಾಟ್. 2011ರಲ್ಲಿ ಕ್ಯಾಮ್‌ಲ್ಯಾಂಡಿನವರು ಪ್ರಕಟಿಸಿದ ಲೆಕ್ಕದಂತೆ ಅದರಲ್ಲಿ ಸುಮಾರು ಅರ್ಧ ವಿಕಿರಣದ್ದು. ಇಟಲಿಯವರ ಲೆಕ್ಕದಲ್ಲಿ ಆ ಪಾಲು ಇನ್ನೂ ಹೆಚ್ಚು. ಪೊಟ್ಯಾಸಿಯಮ್ಮಿನ ಕಣಗಳು ಈ ಉಪಕರಣಗಳಿಗೆ ನಿಲುಕದಷ್ಟು ದುರ್ಬಲವಾದ್ದರಿಂದ ಅದರ ಪಾಲನ್ನು ಇಬ್ಬರೂ ಊಹಿಸಿಯೇ ಸೇರಿಸಬೇಕು.

ಓದುಗರ ಪ್ರಶ್ನೆಗೆ ಇಷ್ಟು ಉತ್ತರ: ಅರ್ಧವೆಂಬುದನ್ನು ನೋಡಿಬಂದವರಿಲ್ಲ, ಆದರೆ ಅದು ಬಿಸಿಯೊಂದನ್ನೇ ನಂಬಿ ಹೇಳಿದ ಮಾತೂ ಅಲ್ಲ. ಆ ಅರ್ಧವು ಭೂಮಿಯ ಯಾವ ಪದರದಲ್ಲಿ ಎಷ್ಟೆಷ್ಟು ಹಂಚಿಹೋಗಿದೆ ಎಂದು ಕೇಳಿದರೆ ಮಾತ್ರ ಕಷ್ಟಕ್ಕೆ ಬರುತ್ತದೆ. ಈಗಿರುವ ಉಪಕರಣಗಳಿಗೆ ಕಣ ಬಂದದ್ದು ತಿಳಿಯುತ್ತದೆಯೇ ಹೊರತು ಬಂದ ದಿಕ್ಕು ತಿಳಿಯುವುದಿಲ್ಲ, ಮತ್ತು ಅವೆಲ್ಲವೂ ಭೂಖಂಡಗಳ ಮೇಲೆ, ಎಂದರೆ ಯುರೇನಿಯಂ ಸಮೃದ್ಧವಾಗಿರುವ ದಪ್ಪ ಚಿಪ್ಪಿನ ಮಧ್ಯದಲ್ಲಿಯೇ ಇರುವುದರಿಂದ, ಹತ್ತಿರದ ಬಂಡೆಗಳ ಕಣಗಳಲ್ಲಿ ಆಳದ ಕಣಗಳು ಮುಳುಗಿಹೋಗುತ್ತವೆ. ಸಾಗರದ ತಳದಲ್ಲಿ ಚಿಪ್ಪು ತೆಳ್ಳಗೆ, ಮೂಲವಸ್ತುಗಳೂ ಅಲ್ಪ. ಅಲ್ಲಿ ಕೆಲವು ಕಿಲೋಮೀಟರು ನೀರಿನ ಕೆಳಗೆ ಇಂಥ ಉಪಕರಣವೊಂದನ್ನು ಇಳಿಸುವ ಯೋಜನೆಯನ್ನು ಜಪಾನಿನವರು ಸಿದ್ಧಪಡಿಸುತ್ತಿದ್ದಾರೆ. ಅದು ಕೆಲಸಕ್ಕೆ ತೊಡಗಿದರೆ ಆಳದ ಒಟ್ಟು ಬಲವು ತಕ್ಕಮಟ್ಟಿಗೆ ತಿಳಿದೀತು. ಹಂಚಿಕೆಯನ್ನೂ ತಿಳಿಯಬೇಕಾದರೆ ಸಾಗರದ ಬೇರೆ ಬೇರೆ ಭಾಗಗಳಲ್ಲಿ ಇನ್ನೂ ಎರಡು ಮೂರನ್ನಾದರೂ ಇಳಿಸಬೇಕಾಗುತ್ತದೆ.